ಬೋರ್ಡಿನ ಮೇಲಿನ ವರ್ಷಿಣಿ

ಹೂಟಗಳ್ಳಿಯ ಫ್ಯಾಕ್ಟರಿಗಳಿಗೆ ಬೆಳಗಿನ ಪಾಳಿಗೆ ಹೋಗುವ ಹೆಣ್ಣುಮಕ್ಕಳನ್ನು ನೀವು ನೋಡಿರುತ್ತೀರಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಊಟದ ಡಬ್ಬಿ, ಕತ್ತಿನಲ್ಲಿ ಗುರುತಿನ ಚೀಟಿ. ಮುಖ ನೋಡಿದರೆ ಯಾರು ಯಾರೋ ಗೊತ್ತಾಗುವುದಿಲ್ಲ, ಚೀಟಿಯ ದಾರ ನೋಡಬೇಕು. ನೀಲಿ ದಾರದವರು ಕಂಪನಿಯವರು, ಕಾಯಂ ಆದವರು. ಹಳದಿ ದಾರದವರು ಕಾಂಟ್ರಾಕ್ಟಿನವರು. ಕೂರುವ ಬೆಂಚು ಒಂದೇ, ಮಾಡುವ ಕೆಲಸ ಒಂದೇ, ಕ್ಯಾಂಟೀನಿನ ನೀರು ಸಾರೂ ಒಂದೇ. ಆದರೆ ನೀಲಿಯವರನ್ನು ಗೇಟಿನಲ್ಲಿ ನಿಲ್ಲಿಸಿ "ನಾಳೆಯಿಂದ ಬರಬೇಡಮ್ಮ" ಅನ್ನುವುದು ಅಷ್ಟು ಸುಲಭವಲ್ಲ. ಹಳದಿಯವರಿಗೆ ಟೀ ಕುಡಿಯುತ್ತಲೇ ಅಂದುಬಿಡಬಹುದು.

ನಮ್ಮ ವರ್ಷಿಣಿಯದು ಹಳದಿ ದಾರ. ಅವಳಿಗೆ ನೀಲಿ ಬೇಕಿತ್ತು. ಬೇರೆ ಹುಡುಗಿಯರಿಗೆ ಮದುವೆ, ಚಿನ್ನ, ಸ್ಕೂಟಿ ಅಂತ ಏನೇನೋ ಆಸೆ ಇರುತ್ತದೆ. ಇವಳಿಗೆ ಒಂದು ದಾರದ ಆಸೆ. ದಸರಾ ಕಳೆದ ಮೇಲೆ ಒಂದಷ್ಟು ಜನರನ್ನು ಕಾಯಂ ಮಾಡ್ತಾರೆ, ಅದರಲ್ಲಿ ನಿನ್ನ ಹೆಸರೂ ಇದೆ ಅಂತ ಸೂಪರ್‌ವೈಸರ್ ಯೋಗೇಂದ್ರ ಬೇರೆ ಹೇಳಿಬಿಟ್ಟಿದ್ದ. ಆವತ್ತಿನಿಂದ ಹುಡುಗಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮನೆ ಹೂಟಗಳ್ಳಿಯ ಹಳೇ ಊರಿನಲ್ಲಿ. ಅಪ್ಪ ಬಸವರಾಜು ಗೂಡ್ಸ್ ಆಟೋ ಓಡಿಸುತ್ತಾನೆ. ಅಪ್ಪನ ಅವ್ವ ಚಾಮುಂಡಮ್ಮ, ಎಪ್ಪತ್ತು ದಾಟಿದ ಮುದುಕಿ, ಬಾಯಿ ಮಾತ್ರ ಇಪ್ಪತ್ತರದ್ದು. ಈಗ ಫ್ಯಾಕ್ಟರಿ ನಿಂತಿರುವ ಜಾಗದಲ್ಲಿ ಈಕೆ ಹುರುಳಿ ಕಿತ್ತವಳು. ಜಾಗ ತೆಗೆದುಕೊಂಡಾಗ ಮನೆಗೊಂದು ಕೆಲಸ ಕೊಡ್ತೀವಿ ಅಂದಿದ್ದರಂತೆ. ಬಸವರಾಜು ಕಾದ, ಕಾದ, ಆಮೇಲೆ ಡ್ರೈವಿಂಗ್ ಕಲಿತ. ಮೊಮ್ಮಗಳು ಆ ಗೇಟಿನೊಳಕ್ಕೆ ಕಾಲಿಟ್ಟ ದಿನ ಅಜ್ಜಿ, "ಅಂತೂ ನಮ್ ಹೊಲಕ್ಕೆ ನಾವೇ ಕೂಲಿಗೆ ಹೊಂಟ್ವಲ್ಲ ಮಗಾ" ಅಂತ ಬಾಯ್ತುಂಬ ನಕ್ಕಿದ್ದಳು. ಅದರಲ್ಲಿ ಕುಹಕ ಎಷ್ಟು, ಖುಷಿ ಎಷ್ಟು ಅಂತ ಕೇಳಬೇಡಿ. ಎರಡೂ ಇತ್ತು.

ಕೆಲಸ ಏನಪ್ಪಾ ಅಂದರೆ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾರಲ್ಲ, ಆ ನಳಿಗೆಯ ತುದಿಗೆ ಕೂರುವ ಬಿಳೀ ಪ್ಲಾಸ್ಟಿಕ್ ಚೂರನ್ನು ನೋಡಿ, ಸರಿ ಇದ್ದದ್ದನ್ನು ಪೊಟ್ಟಣಕ್ಕೆ ಹಾಕಿ ಸೀಲ್ ಮಾಡುವುದು. ಮಾಲೆಲ್ಲ ಹಾಲೆಂಡಿಗೆ ಹೋಗುತ್ತದೆ. ಒಳಗೆ ಒಂದು ಕಣ ಧೂಳೂ ಇರಕೂಡದು, ಆ ಕೋಣೆಗೆ ಕ್ಲೀನ್ ರೂಮು ಅಂತಲೇ ಹೆಸರು. ತಲೆಗೆ ಟೋಪಿ, ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ಮೈಗೆ ಬಿಳೀ ಗೌನು. ಹೂವು, ಬಳೆ, ಬೊಟ್ಟು ಯಾವುದೂ ಇಲ್ಲ. ಹಾಗಂತ ಬೊಟ್ಟು ಇಲ್ಲದೆ ಮನೆಯಿಂದ ಹೊರಡಲು ಯಾರ ಅಮ್ಮ ಬಿಡುತ್ತಾಳೆ ಹೇಳಿ? ಅದಕ್ಕೇ ಎಲ್ಲರೂ ಬೊಟ್ಟು ಇಟ್ಟುಕೊಂಡೇ ಬರುವುದು, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅದನ್ನು ಕಿತ್ತು ತಮ್ಮ ತಮ್ಮ ಲಾಕರಿನ ಬಾಗಿಲಿಗೆ ಅಂಟಿಸುವುದು, ಪಾಳಿ ಮುಗಿದ ಮೇಲೆ ಮತ್ತೆ ಹಣೆಗೆ ಇಟ್ಟುಕೊಂಡು ಮನೆಗೆ ಹೋಗುವುದು. ಕೋಣೆಯ ಬಾಗಿಲುಗಳೆಲ್ಲ ಕೆಂಪು, ಮರೂನ್, ಕಪ್ಪು ಚುಕ್ಕಿ.

ದಸರಾಕ್ಕೆ ಮುಂಚೆ ಸಮನ್ವಿತಾ ಅನ್ನುವ ಹುಡುಗಿ ಇವಳನ್ನು ಹುಡುಕಿಕೊಂಡು ಬಂದಳು. ಯಾದವಗಿರಿಯವಳು, ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ, ದುಡಿಯುವ ಯುವಜನರು ಪೌರತ್ವ, ಕೆಲಸ, ಹೊರಪ್ರಪಂಚ ಇವುಗಳ ಬಗ್ಗೆ ಏನಂದುಕೊಂಡಿದ್ದಾರೆ ಅಂತ ಸಂಶೋಧನೆ. ಒಳ್ಳೆಯ ಹುಡುಗಿಯೇ, ಕೊಟ್ಟ ಕಾಫಿ ಪೂರ್ತಿ ಕುಡಿದಳು. ಫೋನನ್ನು ರೆಕಾರ್ಡಿಗೆ ಇಟ್ಟು, "ಪ್ರಜೆ ಅಂದ್ರೆ ಯಾರು ಅನ್ಸತ್ತೆ ನಿಮಗೆ?" ಅಂತ ಕೇಳಿದಳು.

ವರ್ಷಿಣಿ ಕಾಫಿ ಲೋಟ ಕೆಳಗಿಟ್ಟಳು. "ವೋಟು ಹಾಕಕ್ಕೆ ಹೋಗಿದ್ನಲ್ಲ ಮೇಡಂ, ಫಸ್ಟ್ ಟೈಮು. ಆ ಆಫೀಸರು ನನ್ ಹೆಸರನ್ನ ಜೋರಾಗಿ ಓದಿದ್ರು. ವರ್ಷಿಣಿ, ತಂದೆ ಬಸವರಾಜು ಅಂತ. ಅಲ್ಲಿ ಕೂತಿದ್ದೋರೆಲ್ಲ ಒಂದ್ಸಲ ನನ್ ಕಡೆ ನೋಡಿದ್ರು. ಬೆರಳಿಗೆ ಶಾಯಿ ಹಾಕಿದ್ರು. ಅದು ಹೋಗೋವರ್ಗೂ ಗ್ಲೌಸ್ ಬಿಚ್ಚಿದಾಗೆಲ್ಲ ನೋಡ್ಕೊತಿದ್ದೆ. ಹೆಸರು ಕರೆದ್ರೆ 'ಹಾಂ, ಇದೀನಿ' ಅನ್ನೋರು ಪ್ರಜೆ. ಅಲ್ವಾ ಮೇಡಂ?"

"ಮೇಡಂ ಬೇಡಪ್ಪಾ, ಇಬ್ರೂ ಒಂದೇ ವಯಸ್ಸು" ಅಂದಳು ಸಮನ್ವಿತಾ. ಆದರೂ ವರ್ಷಿಣಿಗೆ ಮೇಡಂ ಬಿಟ್ಟು ಬೇರೆ ಮಾತು ನಾಲಗೆಗೆ ಬರಲಿಲ್ಲ. ಹೊರಪ್ರಪಂಚದ ಪ್ರಶ್ನೆಗೆ ಅವಳು ಹೇಳಿದ್ದು ಇನ್ನೂ ಚೆನ್ನಾಗಿತ್ತು. "ನಾನು ನೋಡಿ ಪಾಸ್ ಮಾಡಿದ ಚೂರು ಹಾಲೆಂಡಲ್ಲಿ ಯಾರದೋ ಕೈಯಲ್ಲಿರುತ್ತೆ. ಮಗು ಇರಬಹುದು, ಅಜ್ಜಿ ಇರಬಹುದು. ಅವರ ಹೆಸರು ನಂಗೊತ್ತಿಲ್ಲ, ನನ್ ಹೆಸರು ಅವರಿಗೆ ಗೊತ್ತಿಲ್ಲ. ಆದ್ರೂ ಒಂಥರಾ ನೆಂಟರು ನಾವು." ಸಮನ್ವಿತಾಳ ಕಣ್ಣು ಅರಳಿತು. ಇಂಥ ಮಾತು ಸಿಕ್ಕರೆ ಓದುವವರಿಗೆ ಹಬ್ಬ.

ಹಬ್ಬವೂ ಬಂತು. ಆಯುಧಪೂಜೆಯ ದಿನ ಮೈಸೂರಿನಲ್ಲಿ ಸೈಕಲ್ಲಿಂದ ಹಿಡಿದು ಕ್ರೇನಿನವರೆಗೂ ಪೂಜೆ ಇಲ್ಲದೆ ನಿಲ್ಲುವ ಯಂತ್ರ ಇದೆಯೇ? ಕಂಪನಿಯವರೂ ಲಾರಿ, ಜನರೇಟರು, ಪ್ಲಾಸ್ಟಿಕ್ ಅಚ್ಚಿನ ಮಿಷಿನು ಎಲ್ಲಕ್ಕೂ ಬಾಳೆಕಂದು ಕಟ್ಟಿಸಿ, ಬೂದುಗುಂಬಳ ಒಡೆಸಿ, ಕಡಲೆಪುರಿ ಹಂಚಿದರು. ಕ್ಲೀನ್ ರೂಮಿನೊಳಗೆ ಮಾತ್ರ ಏನೂ ಇಲ್ಲ. ಅಲ್ಲಿದ್ದದ್ದು ಪೊಟ್ಟಣದ ಸೀಲಿಂಗ್ ಮಿಷಿನು. ಹುಡುಗಿಯರು ಅದಕ್ಕೆ ಗೌರಮ್ಮ ಅಂತ ಹೆಸರಿಟ್ಟಿದ್ದರು, ಆಗಾಗ ಮುನಿಸಿಕೊಂಡು ನಿಲ್ಲುತ್ತದೆ ಅಂತ. ಹೊರಗಿನ ಮಿಷಿನುಗಳೆಲ್ಲ ಹೂವು ಮುಡಿದು ಕೂತಿದ್ದರೆ ಇದೊಂದು ಗಾಜಿನ ಆಚೆ ಬೋಳುಬೋಳಾಗಿ ನಿಂತಿತ್ತು. "ಪಾಪ ಕಣ್ರೇ, ಗೌರಮ್ಮ ಏನ್ ಪಾಪ ಮಾಡಿದ್ಲು" ಅಂತ ಎಲ್ಲರೂ ಲೊಚಗುಟ್ಟಿದರು.

ಅಷ್ಟರಲ್ಲಿ ಬಂದರು ಪ್ಲಾಂಟ್ ಮ್ಯಾನೇಜರ್ ಲಕ್ಷ್ಮೀನರಸಿಂಹ. ರೇಷ್ಮೆ ಶಲ್ಯ, ಹಣೆ ತುಂಬ ಕುಂಕುಮ, ಪಕ್ಕದಲ್ಲೊಬ್ಬ ಫೋಟೋದವನು. ಹಾಲೆಂಡಿನವರು ನಿಮ್ಮ ಹಬ್ಬದ ಫೋಟೋ ಕಳಿಸಿ ಅಂದಿದ್ದಾರೆ, ದೊಡ್ಡ ಬೋರ್ಡೂ ಮಾಡಿಸಬೇಕು, ಹೊರಗೆ ಬರೀ ಗ್ರೀಸು, ಕ್ಲೀನ್ ರೂಮಿನಲ್ಲಿ ಒಂದು ಫೋಟೋ ಆಗಲಿ ಅಂದರು. ಯೋಗೇಂದ್ರ ಕೈ ಉಜ್ಜಿಕೊಂಡ. "ಸಾರ್, ಒಳಗೆ ಕುಂಕುಮ ಎಲ್ಲಾ..." ಅಂದ. "ಎರಡು ನಿಮಿಷ ಕಣ್ರೀ. ತಟ್ಟೆ ಹಿಡ್ಕೊಂಡು ನಿಂತ್ರೆ ಸಾಕು. ಹಚ್ಚೋದೇನೂ ಬೇಡ" ಅಂದರು. ಲಕ್ಷಣವಾಗಿರುವ ಹುಡುಗಿ ಬೇಕಿತ್ತು, ವರ್ಷಿಣಿಯನ್ನು ಕರೆದರು. ಅವಳ ಕತ್ತು ನೋಡಿದವರೇ ಮುಖ ಸಿಂಡರಿಸಿ, "ಹಳದಿ ಬೇಡ, ಫೋಟೋಗೆ ಚೆನ್ನಾಗಿರಲ್ಲ. ನೀಲಿ ಹಾಕ್ಸಿ" ಅಂದರು. ಪಕ್ಕದಲ್ಲಿ ನಿಂತಿದ್ದ ಸಿಂಚನ ಕಾಯಂ ಆದವಳು, ಕೂಡಲೇ ತನ್ನ ದಾರ ಬಿಚ್ಚಿ ಇವಳ ಕತ್ತಿಗೆ ಹಾಕಿದಳು. "ಹಬ್ಬದ ದಿನಾನೇ ಕಾಯಂ ಆಗ್ಬುಟ್ಟೆ ನೋಡು" ಅಂತ ಗಲ್ಲ ಹಿಂಡಿದಳು.

ಅಯ್ಯೋ, ಆ ಹೊತ್ತಿಗೆ ಆ ಹುಡುಗಿಯ ಮುಖ ನೋಡಬೇಕಿತ್ತು ನೀವು! ಮಾಸ್ಕಿಲ್ಲ, ಗ್ಲೌಸಿಲ್ಲ, ಹಣೆಯಲ್ಲಿ ಬೊಟ್ಟು ಇದೆ, ಕತ್ತಿನಲ್ಲಿ ನೀಲಿ ದಾರ, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ಎದುರಿಗೆ ಗೌರಮ್ಮ. ಹುಟ್ಟಿದಾಗಿನಿಂದ ಅಪ್ಪನ ಆಟೋಗೆ, ಅಜ್ಜಿಯ ಕುಡುಗೋಲಿಗೆ, ಮನೆಯ ಮಿಕ್ಸಿಗೆ ಬೊಟ್ಟಿಟ್ಟ ಕೈ. ತಟ್ಟೆ ಹಿಡಿದು ಯಂತ್ರದ ಮುಂದೆ ಸುಮ್ಮನೆ ನಿಲ್ಲುವುದು ಆ ಕೈಗೆ ಗೊತ್ತೇ ಇಲ್ಲ. ಬೆರಳು ತಾನಾಗಿ ಕುಂಕುಮಕ್ಕೆ ಹೋಯಿತು, ಗೌರಮ್ಮನ ಹಣೆಗೆ ಒಂದು ಬೊಟ್ಟು ಬಿತ್ತು. ಗಾಜಿನಾಚೆ ನಿಂತ ಹುಡುಗಿಯರೆಲ್ಲ ಕೈ ಮುಗಿದರು. ಲಕ್ಷ್ಮೀನರಸಿಂಹ ಅವರೂ ಶಲ್ಯ ಸರಿಮಾಡಿಕೊಂಡು ಕೈ ಮುಗಿದರು. ಆಮೇಲೆ ಫೋಟೋದವನ ಕಡೆ ತಿರುಗಿ, "ಸರಿಯಾಗಿ ಬಂತೇನಯ್ಯಾ? ಇಲ್ವಾ? ಇನ್ನೊಂದ್ಸಲ ಹಚ್ಚಮ್ಮ, ನಿಧಾನಕ್ಕೆ" ಅಂದರು. ಇವಳು ಇನ್ನೊಂದು ಸಲ ಹಚ್ಚಿದಳು, ನಿಧಾನಕ್ಕೆ, ನಗುತ್ತಾ. ಆಮೇಲೆ ಯೋಗೇಂದ್ರ ಸ್ಪಿರಿಟ್ ಬಟ್ಟೆಯಿಂದ ಎಲ್ಲ ಒರೆಸಿಸಿದ. ದಾರ ಸಿಂಚನಳಿಗೆ ವಾಪಸ್ ಹೋಯಿತು.

ಹಬ್ಬ ಕಳೆದು ಕೆಲವೇ ದಿನಕ್ಕೆ ಹುಣಸೂರು ರಸ್ತೆಯ ಬಸ್ ಸ್ಟಾಪಿನ ತಲೆ ಮೇಲೆ ಬೋರ್ಡು ಎದ್ದಿತು. ಆಳೆತ್ತರದ ವರ್ಷಿಣಿ, ತಟ್ಟೆ ಹಿಡಿದು ನಗುತ್ತಿದ್ದಾಳೆ, ಪಕ್ಕದಲ್ಲಿ "ಜಗತ್ತಿಗಾಗಿ ದುಡಿಮೆ, ಹೃದಯದಲ್ಲಿ ಮೈಸೂರು" ಅಂತ ದಪ್ಪ ಅಕ್ಷರ. ಬಸವರಾಜು ಆಟೋವನ್ನು ಬೇಕಂತಲೇ ಆ ರಸ್ತೆಯಲ್ಲೇ ಓಡಿಸುತ್ತಿದ್ದ. ಚಾಮುಂಡಮ್ಮ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು, ಬಸ್ಸು ಹತ್ತದೆ, ಹೋಗುವವರು ಬರುವವರಿಗೆಲ್ಲ ಮೊಮ್ಮಗಳನ್ನು ತೋರಿಸುತ್ತಿದ್ದಳು. ಹೀಗೆ ಒಂದು ತಿಂಗಳು ಆ ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದರು.

ಆಮೇಲೆ ಹಾಲೆಂಡಿನಿಂದ ದೂರು ಬಂತು. ಸೀಲ್ ಮಾಡಿದ ಪೊಟ್ಟಣಗಳೊಳಗೆ, ಬಿಳೀ ಚೂರಿನ ಮೇಲೆ, ಕೆಂಪು ಕಣಗಳು. ಅಲ್ಲಿನ ಆಸ್ಪತ್ರೆಯವರು ರಕ್ತ ಅಂತ ಹೆದರಿದರಂತೆ. ಪರೀಕ್ಷೆ ಮಾಡಿದರೆ ರಕ್ತ ಅಲ್ಲ, ಯಾವುದೋ ಬಣ್ಣದ ಪುಡಿ. ಮಿಷಿನಿನ ಮೇಲ್ಭಾಗದಲ್ಲಿ ತಂಪಿಗೆ ಅಂತ ಒಂದು ಫ್ಯಾನಿದೆ. ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಕುಂಕುಮ ಅದರ ಸಂದಿಗೆ ಹೋದದ್ದು ಹೋಗಿತ್ತು, ದಿನವೂ ಚೂರುಚೂರೇ ಉದುರುತ್ತಿತ್ತು. ಮಾಲೆಲ್ಲ ಸುಟ್ಟರು. ವಿಚಾರಣೆಗೆ ಅಲ್ಲಿಂದಲೇ ಒಬ್ಬ ಹೆಂಗಸು ಬರುತ್ತಾಳೆ ಅಂತಾಯಿತು. ವರ್ಷಿಣಿಗೆ ಮೊದಲು ಹೊಳೆದದ್ದು ತನ್ನ ಕೆಲಸವಲ್ಲ. ಆ ಚೂರನ್ನು ಯಾರದಾದರೂ ಕೈಗೆ ಹಾಕಿಬಿಟ್ಟಿದ್ದರೆ? ಆ ಮಗು? ಆ ಅಜ್ಜಿ? ಯೋಗೇಂದ್ರನನ್ನು ಕೇಳಿದಳು. "ಇಲ್ಲ ಕಣಮ್ಮ, ಮುಂಚೆನೇ ಹಿಡಿದಿದ್ದಾರೆ" ಅಂದ ಮೇಲೆ ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದಳು.

ವಿಚಾರಣೆಯ ಬೆಳಿಗ್ಗೆ ಯೋಗೇಂದ್ರ ಅವಳನ್ನು ಮೆಟ್ಟಿಲ ಕೆಳಗೆ ಕರೆದ. ಒಳ್ಳೆಯವನೇ, ಎರಡು ಮಕ್ಕಳ ತಂದೆ, ಬೆವರುತ್ತಿದ್ದ. "ನೋಡು ವರ್ಷಿಣಿ, ಅವರು ಕೇಳಿದ್ರೆ ನೀನೇ ಹಚ್ಚಿದೆ ಅಂತ ಹೇಳು. ಸಾರ್ ಇನ್ನೊಂದ್ಸಲ ಹಚ್ಚು ಅಂದಿದ್ದೆಲ್ಲ ಎತ್ಬೇಡ. ಅದೆಲ್ಲ ಈಚೆಗೆ ಬಂದ್ರೆ ಆರ್ಡರೇ ಹೋಗುತ್ತೆ, ಲೈನಿಗೆ ಲೈನೇ ಮುಚ್ಚುತ್ತಾರೆ. ಈಗ ಕೆಲಸದಿಂದ ತೆಗೆದ್ರೂ ಸುಮ್ನಿರು. ಸ್ವಲ್ಪ ತಣ್ಣಗಾಗ್ಲಿ, ನೀಲಿ ದಾರದಲ್ಲೇ ವಾಪಸ್ ಕರೀತೀವಿ."

"ನಿಜ್ವಾಗ್ಲೂನಾ ಸಾರ್?"

"ಸಾರ್ ಬಾಯಿಂದಲೇ ಬಂದಿರೋ ಮಾತಮ್ಮ."

ನಂಬಿದಳು. ನಂಬದೆ ಏನು ಮಾಡುತ್ತಾಳೆ? ಸುಳ್ಳು ಹೇಳು ಅಂದಿರಲಿಲ್ಲವಲ್ಲ, ಮೊದಲನೇ ಬೊಟ್ಟು ಅವಳೇ ಇಟ್ಟದ್ದು ನಿಜ. ಅರ್ಧ ನಿಜವನ್ನು ನುಂಗಿಕೊಂಡರೆ ನೀಲಿ ದಾರ. ನೀವಾದರೂ ನಾನಾದರೂ ನುಂಗುತ್ತಿದ್ದೆವು.

ಗಾಜಿನ ಕೋಣೆಯಲ್ಲಿ ದೊಡ್ಡ ಟಿವಿಯ ಮೇಲೆ ಅದೇ ಹಬ್ಬದ ಫೋಟೋ ಹಾಕಿದ್ದರು. ಬಂದಿದ್ದ ಹೆಂಗಸು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಫೋಟೋವನ್ನೂ ವರ್ಷಿಣಿಯನ್ನೂ ಎರಡೆರಡು ಸಲ ನೋಡಿದರು. ಈಕೆಗೆ ಸರಿಯಾದ ತರಬೇತಿ ಕೊಟ್ಟಿದ್ದೀರಾ ಅಂತ ಕೇಳಿದರು. ಲಕ್ಷ್ಮೀನರಸಿಂಹ ಇಂಗ್ಲಿಷಿನಲ್ಲಿ, ಈ ಹುಡುಗಿ ನಮ್ಮ ಕಂಪನಿಯವಳಲ್ಲ ಅಂದರು. ಆಕೆ ಟಿವಿಯ ಕಡೆ ಬೆರಳು ತೋರಿಸಿ, ಕತ್ತಿನಲ್ಲಿ ನೀಲಿ ಇದೆಯಲ್ಲ, ನೀಲಿ ಅಂದರೆ ನಿಮ್ಮವರಲ್ಲವೇ ಅಂದರು.

"ಅದು ಬರೀ ಫೋಟೋಗೆ" ಅಂದರು ಲಕ್ಷ್ಮೀನರಸಿಂಹ. "ಈ ಹುಡುಗಿ ಹೊರಗಿನವಳು. ಕಾಂಟ್ರಾಕ್ಟರ್ ಕಳಿಸಿದವಳು. ನಮಗೂ ಇವಳಿಗೂ ಏನೂ ಸಂಬಂಧ ಇಲ್ಲ."

ಹೊರಗಿನವಳು! ಅಜ್ಜಿ ಹುರುಳಿ ಕಿತ್ತ ಹೊಲದ ಮೇಲೆ ಕುರ್ಚಿ ಹಾಕಿಕೊಂಡು ಕೂತು ಆಡುವ ಮಾತೇ ಅದು? ಆದರೆ ವರ್ಷಿಣಿಗೆ ಆ ಸಿಟ್ಟು ಆಗ ಬರಲಿಲ್ಲ. ಅವಳು ಗಮನಿಸಿದ್ದು ಬೇರೆ. ಅಷ್ಟು ಹೊತ್ತಿನ ಮಾತಿನಲ್ಲಿ ಯಾರೂ ಅವಳ ಹೆಸರು ಹೇಳಿರಲಿಲ್ಲ. ಈ ಹುಡುಗಿ, ಈ ಹುಡುಗಿ, ಅಷ್ಟೇ. ಕೊನೆಗೆ ಆ ಹೆಂಗಸು ಇವಳ ಕಡೆ ಬಾಗಿ, ನೀನು ಏನಾದರೂ ಹೇಳುವುದಿದೆಯಾ ಅಂತ ನಿಧಾನವಾಗಿ ಕೇಳಿದರು. ಬಿಡಿಸಿ ಬಿಡಿಸಿ ಕೇಳಿದರು, ಅರ್ಥವಾಗಲಿ ಅಂತ. ಇವಳು ಯೋಗೇಂದ್ರನ ಕಡೆ ನೋಡಿದಳು. ಅವನು ತನ್ನ ಬೂಟು ನೋಡುತ್ತಿದ್ದ.

"ನೋ ಮೇಡಂ. ಸಾರಿ ಮೇಡಂ" ಅಂದಳು.

ಆವತ್ತು ಮಧ್ಯಾಹ್ನವೇ ಗೇಟಿನಲ್ಲಿ ಹಳದಿ ದಾರ ಬಿಚ್ಚಿಸಿಕೊಂಡರು. ಬಟ್ಟೆ ಬದಲಾಯಿಸುವ ಕೋಣೆಗೂ ಬಿಡಲಿಲ್ಲ, ಚೀಲ ಡಬ್ಬಿ ಸಿಂಚನಳೇ ತಂದುಕೊಟ್ಟಳು. ಬೋಳು ಹಣೆಯಲ್ಲಿ ಬಾಗಿಲಿಗೆ ಬಂದ ಮೊಮ್ಮಗಳನ್ನು ನೋಡಿ ಚಾಮುಂಡಮ್ಮ ಎದೆ ಬಡಿದುಕೊಂಡಳು. "ಯಾರಿಗವ್ವಾ, ಏನಾಯ್ತವ್ವಾ?" ಅಂದಳು. "ಏನಿಲ್ಲ ಬುಡಜ್ಜಿ, ಬೊಟ್ಟು ಲಾಕರಲ್ಲೇ ಮರ್ತ್ಬುಟ್ಟೆ" ಅಂದಳು ವರ್ಷಿಣಿ. ಆಮೇಲೆ ಎಲ್ಲವನ್ನೂ ಹೇಳಿದಳು. ಅಜ್ಜಿ ಕೇಳಿ ಕೇಳಿ, "ಫೋಟೋ ಮಡಿಕಂಡವ್ರಲ್ಲ ಮಗಾ, ಕರದೇ ಕರೀತಾರೆ. ಬೇಡ ಅಂದೋರ ಫೋಟೋನ ಯಾರಾದ್ರೂ ಮಡಿಕತಾರಾ?" ಅಂದಳು. ಮುದುಕಿಯ ಲೆಕ್ಕದಲ್ಲಿ ಅದು ಸರಿಯಾದ ಮಾತೇ.

ಕರೆ ಬರಲಿಲ್ಲ. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಇವಳನ್ನು ಕೆಲಸಕ್ಕೆ ಸೇರಿಸಿದ್ದ ಕಾಂಟ್ರಾಕ್ಟರ್ ಕೃಷ್ಣಪ್ಪನ ಬಳಿ ಹೋಗಿ, ಬೇರೆ ಎಲ್ಲಾದರೂ ಹಾಕ್ಸಿ ಅಣ್ಣ ಅಂತ ಅಂಗಲಾಚಿದಳು. ಅವನು ತಲೆ ಕೆರೆದುಕೊಂಡ. "ನಂದೇನಿಲ್ಲ ಕಣವ್ವ. ಒಂದ್ ಕಡೆ ಕರ್ಕೊಂಡೋದ್ರೆ, ಅಯ್ಯೋ ಆ ಬೋರ್ಡಲ್ಲಿರೋ ಕುಂಕುಮದ ಹುಡ್ಗಿ ಅಲ್ವಾ ಅಂತಾರೆ. ಹೆಸರು ಬದಲಾಯಿಸ್ಬೋದು, ಮೊಖ ಎಂಗ್ ಬದಲಾಯಿಸೋದು? ಏರಿಯಾಕ್ಕೆಲ್ಲ ಗೊತ್ತಾಗೋಗದೆ."

ಇಂಗ್ಲೆಂಡಿಗೆ ವಾಪಸ್ ಹೋಗುವ ಮುಂಚೆ ಸಮನ್ವಿತಾ ಇನ್ನೊಂದು ಸಲ ಮಾತಾಡಬೇಕು ಅಂದಳು. ಈ ಸಲ ಯಾದವಗಿರಿಯ ಅವರ ಮನೆಯ ಜಗಲಿಯಲ್ಲಿ, ಕ್ರೋಟನ್ ಕುಂಡಗಳ ಮಧ್ಯೆ. ಅವೇ ಪ್ರಶ್ನೆಗಳನ್ನು ಕೇಳಬೇಕಂತೆ, ಸಂಶೋಧನೆಯ ನಿಯಮ. ಪಾಪ, ಕೇಳುವುದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು.

"ಪ್ರಜೆ ಅಂದ್ರೆ..." ವರ್ಷಿಣಿ ಬೆರಳು ನೋಡಿಕೊಂಡಳು. ಶಾಯಿ ಎಂದೋ ಹೋಗಿತ್ತು. "ವೋಟಿನ ದಿನ ಹೆಸರು ಕೂಗಿದ್ರು ಅಂದಿದ್ನಲ್ಲ ಮೇಡಂ. ಅದಾದ ಮೇಲೆ ಯಾರೂ ಕೂಗಿಲ್ಲ. ಆ ಮೀಟಿಂಗಲ್ಲಿ ಒಬ್ಬರಾದ್ರೂ ವರ್ಷಿಣಿ ಅಂದಿದ್ರೆ ನಾನು ಬಾಯಿ ಬಿಡ್ತಿದ್ನೇನೋ. ಗೊತ್ತಿಲ್ಲ."

"ಹೊರಪ್ರಪಂಚದ ಬಗ್ಗೆ, ನೆಂಟರು ಅಂತ ಹೇಳಿದ್ರಿ."

"ಅದನ್ನ ಅಳಿಸ್ಬಿಡಿ."

"ನಾನು ಹಾಲೆಂಡಿನ ಕಂಪನಿಗೆ ಬರೀಲಾ? ನಿಜ ಏನು ಅಂತ?"

"ಬೇಡಿ. ಆಮೇಲೆ ಯೋಗೇಂದ್ರ ಸಾರ್ ಕೆಲಸ ಹೋಗುತ್ತೆ, ಸಿಂಚನಂದು ಹೋಗುತ್ತೆ. ನಂದಂತೂ ಬರಲ್ಲ." ಸಮನ್ವಿತಾ ಫೋನು ಆಫ್ ಮಾಡಿ ಕಣ್ಣೊರೆಸಿಕೊಂಡಳು. ವರ್ಷಿಣಿಯೇ ಅವಳ ಕೈ ಹಿಡಿದು ಸಮಾಧಾನ ಮಾಡಿ ಬಸ್ಸು ಹತ್ತಿದಳು.

ಹೂಟಗಳ್ಳಿಯಲ್ಲಿ ಇಳಿದವಳು ಮನೆಗೆ ಹೋಗದೆ ಸೀದಾ ಫ್ಯಾಕ್ಟರಿ ಗೇಟಿಗೆ ಹೋದಳು. ಪಾಳಿ ಬಿಡುವ ಹೊತ್ತು. ಹುಡುಗಿಯರು ಹಣೆಗೆ ಬೊಟ್ಟು ಒತ್ತಿಕೊಳ್ಳುತ್ತಾ ಹೊರಗೆ ಬರುತ್ತಿದ್ದರು. ಯೋಗೇಂದ್ರ ಇವಳನ್ನು ನೋಡಿ ನಿಂತ, ಬೈಕಿನಿಂದ ಇಳಿಯಲಿಲ್ಲ.

"ತಣ್ಣಗಾಯ್ತಾ ಸಾರ್?" ಅಂತ ಕೇಳಿದಳು.

ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದ, ಸಡಿಲ ಮಾಡಿದ. "ಆ ಹುಡುಗೀನ ಇನ್ಯಾವತ್ತೂ ಸೇರಿಸಲ್ಲ ಅಂತ ಹಾಲೆಂಡಿನವರಿಗೆ ಮಾತು ಕೊಟ್ಟಾಯ್ತಮ್ಮ. ಸಾರ್ ಆವತ್ತೇ ಕೊಟ್ಟಿದ್ರು. ನಂಗೆ ಆಮೇಲೆ ಗೊತ್ತಾಗಿದ್ದು. ದೇವರಾಣೆ."

ಅವಳು ಅಳುತ್ತಾಳೆ ಅಂತ ಅವನು ಹೆದರಿದ್ದ. ಅವಳು ಅಳಲಿಲ್ಲ. "ಹಂಗಾದ್ರೆ ಆ ಬೋರ್ಡಿಂದ ನನ್ ಫೋಟೋನಾದ್ರೂ ತೆಗೆಸಿಬುಡಿ ಸಾರ್. ಅದನ್ನ ನೋಡಿ ಬೇರೆಯೋರೂ ಕೆಲಸ ಕೊಡ್ತಿಲ್ಲ."

"ಕೇಳ್ದೆ ಕಣಮ್ಮ. ನೀನು ಹೇಳೋಕ್ ಮುಂಚೆನೇ ಕೇಳ್ದೆ. ಅದು ಚೆನ್ನಾಗಿ ಬಂದಿದೆ, ಇರ್ಲಿ ಅಂದ್ರು. ಫೋಟೋ ಕಂಪನಿದಂತೆ." ಅಷ್ಟು ಹೇಳಿ ಅವನು ಬೈಕು ಒದ್ದು ಹೊರಟುಹೋದ.

ಬಸ್ ಸ್ಟಾಪಿನ ಕಲ್ಲಿನ ಮೇಲೆ ಅಜ್ಜಿ ಕೂತಿದ್ದಳು. ಪಕ್ಕದಲ್ಲಿ ಊರಿಗೆ ಹೊಸದಾಗಿ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬ ತಾಯಿ, ಅವಳ ಮಗಳು. ಹುಡುಗಿಯ ಕೈಯಲ್ಲಿ ಕೃಷ್ಣಪ್ಪನ ವಿಳಾಸ. ವರ್ಷಿಣಿ ದುಪಟ್ಟಾ ಮುಖದ ಮೇಲೆ ಎಳೆದುಕೊಂಡು ಕಂಬದ ಹಿಂದೆ ನಿಂತಳು. ಚಾಮುಂಡಮ್ಮ ಬೋರ್ಡಿನ ಕಡೆ ಕೈ ಎತ್ತಿ ತೋರಿಸುತ್ತಿದ್ದಳು.

"ಅಗೋ, ನಮ್ ಮೊಮ್ಮಗಳು. ಕತ್ತಲ್ಲಿ ನೀಲಿ ದಾರ ಕಾಣ್ತದಾ? ಅದೇ ಕಣವ್ವ ಗುರ್ತು. ಕಾಯಂ ಆಗವ್ಳೆ."

ಆ ಹುಡುಗಿ ತಲೆ ಎತ್ತಿ ಬೋರ್ಡನ್ನು ನೋಡುತ್ತಲೇ ಇದ್ದಳು. ವರ್ಷಿಣಿ ದುಪಟ್ಟಾ ಸರಿಸಿ ಕಂಬದ ಹಿಂದಿನಿಂದ ಬಂದು ಅಜ್ಜಿಯ ರಟ್ಟೆ ಹಿಡಿದು ಎಬ್ಬಿಸಿ, "ನಡಿ ಅಜ್ಜಿ, ಮನೆಗೆ ಹೋಗನ" ಅಂದಳು. ಆ ತಾಯಿ ಮಗಳು ಇವಳ ಮುಖ ನೋಡಿದರು, ಬೋರ್ಡು ನೋಡಿದರು, ಗುರುತು ಹಿಡಿಯಲಿಲ್ಲ.